ಸಂಜೆ ಆರೂವರೆಗೆ ಯಾವ ಸಭೆ?

ನನಗೆ 41 ವರ್ಷ. ಪ್ರೌಢಶಾಲೆಯ ಶಿಕ್ಷಕ. ಹದಿನೈದು ವರ್ಷ ಕುಡಿದೆ. ಸಂಜೆ ಶಾಲೆಯಿಂದ ಹೊರಟರೆ ಮನೆಗಿಂತ ಮೊದಲು ಬಾರ್. ಆಸ್ಪತ್ರೆಗೆ ದಾಖಲಾಗಿ ಬಿಟ್ಟು ಈಗ ಮೂರು ತಿಂಗಳು. ವೈದ್ಯರ ಮಾತಿನಂತೆ ಒಂದು ಭಾನುವಾರ ಬೆಳಿಗ್ಗೆ, ಕುಡಿತ ಬಿಡಲು ಪರಸ್ಪರ ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋದೆ. ಚರ್ಚ್ ಆವರಣದ ಕೋಣೆ, ಪ್ರಾರ್ಥನೆ, ಬಹಳಷ್ಟು ಮಂದಿ ಅರವತ್ತು ದಾಟಿದವರು, ಅರ್ಧ ಮಾತು ಇಂಗ್ಲಿಷಿನಲ್ಲಿ. ಜೊತೆಗೆ, ನನ್ನ ವಿದ್ಯಾರ್ಥಿಯೊಬ್ಬನ ತಂದೆ ಎದುರಿಗೇ ಕುಳಿತಿದ್ದರು. ಬಾಯಿ ಬಿಡದೆ ಎದ್ದು ಬಂದೆ. ಮತ್ತೆ ಹೋಗಿ ಎಂದು ಹೆಂಡತಿ ಒತ್ತಾಯಿಸುತ್ತಿದ್ದಾಳೆ. ಮನೋಬಲವೊಂದೇ ಸಾಲದೇ?
— ಹೆಸರು, ಊರು ಬೇಡ

ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಆ ತಂದೆಯ ಮುಖ. ಅಲ್ಲಿಂದಲೇ ಶುರು ಮಾಡುತ್ತೇನೆ. ನೀವು ಅವರನ್ನು ಕಂಡಂತೆ ಅವರೂ ಮಗನ ಮೇಷ್ಟರನ್ನು ಕಂಡಿದ್ದಾರೆ. ಆ ರಾತ್ರಿ ಅವರಿಗೂ ನಿದ್ದೆ ಬಂದಿರಲಾರದು. ನಿಮ್ಮ ಗುಟ್ಟು ಅವರ ಕೈಯಲ್ಲಿದೆ, ಅವರದು ನಿಮ್ಮ ಕೈಯಲ್ಲಿದೆ. ಅಲ್ಲಿ ಕಂಡವರನ್ನು, ಕೇಳಿದ ಮಾತನ್ನು ಅಲ್ಲೇ ಬಿಟ್ಟು ಬರಬೇಕೆಂಬುದು ಆ ಕೂಟದ ಕಟ್ಟು. ಹೆಸರಿನಲ್ಲೇ ‘ಅನಾಮಧೇಯ’ ಎಂದಿದೆ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಪಕ್ಕದ ಊರಿನ ಸಭೆಗೆ ಬಸ್ ಹತ್ತಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮನೋಬಲದ ಮಾತಿಗೆ ಒಂದು ಹಳೆಯ ಸಂಗತಿ ಹೇಳಬೇಕು. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಪಟ್ಟಣ. ವ್ಯವಹಾರ ಮುರಿದುಬಿದ್ದು ಬಿಲ್ ವಿಲ್ಸನ್ ಎಂಬಾತ ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು, ನಿಮಗಿಂತ ಎರಡು ತಿಂಗಳು ಹೆಚ್ಚು. ಆದರೂ ಅಲ್ಲೇ ಇದ್ದ ಬಾರ್ ಕರೆಯುತ್ತಿತ್ತು. ಅವನು ಮಾಡಿದ್ದು ಇಷ್ಟೇ: ಫೋನ್ ಎತ್ತಿಕೊಂಡು, ತನ್ನಂತೆ ಕುಡಿತದಲ್ಲಿ ನರಳುತ್ತಿರುವವರು ಈ ಊರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಹುಡುಕಿದ. ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರಚಿಕಿತ್ಸಕ. ಆ ಇಬ್ಬರ ಮಾತುಕತೆಯಿಂದಲೇ ನೀವು ಹೋಗಿದ್ದ ಕೂಟ ಹುಟ್ಟಿದ್ದು. ಐದು ತಿಂಗಳ ಮನೋಬಲ ಅಂದು ಅವನ ಕೈಬಿಡುವುದರಲ್ಲಿತ್ತು. ಹಿಡಿದು ನಿಲ್ಲಿಸಿದ್ದು ಇನ್ನೊಬ್ಬ ಕುಡುಕನ ಜೊತೆಗಿನ ಮಾತು.

ನೀವು ಭಾನುವಾರ ಬೆಳಿಗ್ಗೆ ಸಭೆಗೆ ಹೋದಿರಿ. ಆದರೆ ಕುಡಿಯುತ್ತಿದ್ದುದು ಸಂಜೆ, ಶಾಲೆ ಬಿಟ್ಟ ಮೇಲೆ. ನನ್ನ ಅನುಭವದಲ್ಲಿ ಒಳ್ಳೆಯ ಸಭೆ, ಕೆಟ್ಟ ಸಭೆ ಎಂದು ಅಳೆಯುವುದಕ್ಕಿಂತ ದೊಡ್ಡ ವಿಷಯ ಹೊತ್ತು. ಕೈ ತಾನಾಗಿ ಗ್ಲಾಸನ್ನು ಹುಡುಕುವ ಹೊತ್ತಿಗೆ ನಡೆಯುವ, ಮನೆಯ ದಾರಿಯಲ್ಲೇ ಸಿಗುವ ಸಭೆ ನಿಮ್ಮ ಸಭೆ. ದೂರದಲ್ಲೊಂದು ಅತ್ಯುತ್ತಮ ಸಭೆ ಇದ್ದು ಏನು ಪ್ರಯೋಜನ, ಮನಸ್ಸು ಕೆಟ್ಟ ದಿನ ಅಲ್ಲಿಗೆ ಹೋಗಲಾಗದಿದ್ದರೆ? ವಾರದ ದಿನಗಳಲ್ಲಿ ಆರು, ಆರೂವರೆಗೆ, ಕನ್ನಡದಲ್ಲಿ ಎಲ್ಲಿ ನಡೆಯುತ್ತದೆ ಎಂದು ಕೂಟದ ಸಹಾಯವಾಣಿಯಲ್ಲಿ ಕೇಳಿ. ಹತ್ತಿರದಲ್ಲಿ ಇಲ್ಲವೆಂದಾದರೆ ಮೊಬೈಲಿನಲ್ಲೇ ಸೇರುವ ಆನ್‌ಲೈನ್ ಸಭೆಗಳಿವೆ. ಕನಿಷ್ಠ ಆರು ಸಭೆ ನೋಡದೆ ‘ನನ್ನ ಜಾಗವಲ್ಲ’ ಎನ್ನಬೇಡಿ. ಒಂದೊಂದು ಗುಂಪಿನ ಹದ ಒಂದೊಂದು ಥರ.

ಚರ್ಚ್ ಬಗ್ಗೆ: ಕಡಿಮೆ ಬಾಡಿಗೆಗೆ ಸಿಕ್ಕ ಕೋಣೆಯಲ್ಲಿ ಸಭೆ ಸೇರುತ್ತಾರೆ, ಅಷ್ಟೇ. ಶಾಲೆ, ಆಸ್ಪತ್ರೆಗಳಲ್ಲೂ ಸೇರುತ್ತಾರೆ. ಕೂಟಕ್ಕೆ ಯಾವ ಮತದ ನಂಟೂ ಇಲ್ಲ, ಪ್ರವೇಶ ಶುಲ್ಕವೂ ಇಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಯಾರು ಬೇಕಾದರೂ ಬಂದು ಕೂರಬಹುದಾದ ಹಲವು ಮುಕ್ತ ಸಭೆಗಳಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೇನೆ. ಒಮ್ಮೆ, ಬಿಟ್ಟು ಒಂಬತ್ತು ದಿನವಾದ ಹುಡುಗನೊಬ್ಬನ ಕೈ ನಡುಗಿ ಸ್ಟೀಲ್ ಲೋಟದ ಚಹಾ ತುಳುಕುತ್ತಿತ್ತು. ಪಕ್ಕದ ಹಿರಿಯರು ಏನೂ ಹೇಳದೆ ಲೋಟ ತೆಗೆದುಕೊಂಡು ಅರ್ಧ ಚಹಾವನ್ನು ತಮ್ಮ ಲೋಟಕ್ಕೆ ಸುರಿದುಕೊಂಡು ಹಿಂದಿರುಗಿಸಿದರು. ಅರವತ್ತು ದಾಟಿದವರು ಅಲ್ಲಿರುವುದು ಇಂಥದ್ದಕ್ಕೆ. ಅವರನ್ನು ದೂರ ಮಾಡಿಕೊಳ್ಳಬೇಡಿ.

ಎಲ್ಲ ನೋಡಿಯೂ ಒಗ್ಗದಿದ್ದರೆ ಬೇರೆ ದಾರಿಗಳಿವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳು ನಮ್ಮ ಎಷ್ಟೋ ಹಳ್ಳಿಗಳಲ್ಲಿವೆ, ಮಾತೆಲ್ಲ ಕನ್ನಡದಲ್ಲೇ. ನೀವು ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲೂ ಗುಂಪು ಇದೆಯೇ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಹಗಲಿರುಳೂ ಉಚಿತ.

ಎರಡು ಎಚ್ಚರಿಕೆ. ಸಭೆಗೆ ಹೋಗುತ್ತಿದ್ದೇನೆಂದು ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಎಂದಾದರೂ ಜಾರಿ ಮತ್ತೆ ದಿನವೂ ಕುಡಿಯುವಂತಾದರೆ, ಹಠಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ನೇರ ಆಸ್ಪತ್ರೆಗೆ ಹೋಗಿ.

ನಿಮ್ಮ ಹೆಂಡತಿಗೂ ಹದಿನೈದು ವರ್ಷದ ದಣಿವಿದೆ. ಕುಟುಂಬದವರಿಗಾಗಿಯೇ ಅಲ್-ಅನಾನ್ ಎಂಬ ಕೂಟವಿದೆ. ವಿಷಯ ತಿಳಿಸಿ, ಬಲವಂತ ಮಾಡಬೇಡಿ.

ಈ ವಾರವೇ ಒಂದು ಸಂಜೆ ಹತ್ತು ನಿಮಿಷ ಮೊದಲು ಹೋಗಿ, ಬಾಗಿಲ ಪಕ್ಕದ ಕುರ್ಚಿ ಹಿಡಿಯಿರಿ. ಸರದಿ ಬಂದಾಗ ಹೆಸರು ಹೇಳಿ ‘ಇವತ್ತು ಕೇಳುತ್ತೇನೆ’ ಎಂದರೆ ಯಾರೂ ಒತ್ತಾಯಿಸುವುದಿಲ್ಲ. ಆ ತಂದೆ ಅಲ್ಲಿದ್ದರೆ ಅವರ ಪಕ್ಕದಲ್ಲೇ ಕುಳಿತುಕೊಳ್ಳಿ. ಮಗನ ಅಂಕಗಳ ಮಾತು ಮಾತ್ರ ಬೇಡ.