ಕ್ರೈಸ್ತರಲ್ಲಿ ಬಹುಪತ್ನಿತ್ವ: ಲೇಖನಕ್ಕೆ ಏನು ಸೇರಿಸಬೇಕು?

ಕ್ರೈಸ್ತ ಧರ್ಮದಲ್ಲಿ ಬಹುಪತ್ನಿತ್ವದ ಬಗೆಗಿನ ವಿಶ್ವಕೋಶ ಲೇಖನ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ಅಬ್ರಹಾಮ, ದಾವೀದ, ಸೊಲೊಮೋನರಲ್ಲೇ ನಿಂತುಬಿಟ್ಟಿದೆ, ಇನ್ನೇನು ಬರೆಯಲಿ ಅಂತ ಕೇಳಿದ್ದೀರಿ. ಅವರಿಗೆ ಒಂದು ಪ್ಯಾರಾ ಸಾಕು. ಅವರೆಲ್ಲ ಚರ್ಚ್ ಹುಟ್ಟುವ ಮೊದಲಿನವರು ಅಲ್ವಾ?

ಜಾಸ್ತಿ ಜಾಗ ಆಫ್ರಿಕಾಕ್ಕೆ ಕೊಡಿ. ಅಲ್ಲಿ ಹಲವು ಹೆಂಡತಿಯರಿದ್ದವನು ಕ್ರೈಸ್ತನಾಗಲು ಬಂದರೆ ಏನು ಮಾಡಬೇಕು? 1888ರ ಲ್ಯಾಂಬೆತ್ ಸಮ್ಮೇಳನದಲ್ಲಿ, ಅಂದರೆ ಇಂಗ್ಲೆಂಡ್ ಚರ್ಚಿನ ಪರಂಪರೆಗೆ ಸೇರಿದ ಆಂಗ್ಲಿಕನ್ ಚರ್ಚುಗಳ ಜಾಗತಿಕ ಸಭೆಯಲ್ಲಿ, ಬಿಷಪ್‌ಗಳು ಅಂಥವನಿಗೆ ದೀಕ್ಷಾಸ್ನಾನ ಬೇಡ ಎಂದರು. ಅವನ ಹೆಂಡತಿಯರಿಗೆ ಕೆಲವು ಸಂದರ್ಭಗಳಲ್ಲಿ ಕೊಡಬಹುದು ಎಂದರು. ಆದರೆ ಒಬ್ಬಳನ್ನು ಇಟ್ಟುಕೊಂಡು ಉಳಿದವರನ್ನು ಬಿಟ್ಟರೆ ಆ ಹೆಂಗಸರು, ಮಕ್ಕಳು ಎಲ್ಲಿಗೆ ಹೋಗಬೇಕು? ಲೇಖನದ ಜೀವಾಳ ಇದೇ ಪ್ರಶ್ನೆ ಆಗಬೇಕು. 1988ರಲ್ಲಿ ಅದೇ ಸಮ್ಮೇಳನ ನಿಲುವು ಬದಲಿಸಿ, ಅಂಥವನಿಗೂ ಷರತ್ತುಗಳ ಮೇಲೆ ದೀಕ್ಷಾಸ್ನಾನ ಕೊಡಬಹುದು ಎಂದಿತು. ಈಗಿನ ಹೆಂಡತಿಯರಲ್ಲಿ ಒಬ್ಬರಾದರೂ ಬದುಕಿರುವವರೆಗೆ ಮತ್ತೆ ಮದುವೆಯಾಗುವುದಿಲ್ಲ ಎಂದು ಅವನು ಮಾತು ಕೊಡಬೇಕು. ಸ್ಥಳೀಯ ಕ್ರೈಸ್ತ ಸಮುದಾಯ ಒಪ್ಪಬೇಕು. ಯಾರನ್ನೂ ಬಿಟ್ಟುಬಿಡು ಅಂತ ಅವನನ್ನು ಒತ್ತಾಯಿಸಬಾರದು.

ಜರ್ಮನಿಯ ಹೆಸ್ಸೆ ಪ್ರಾಂತ್ಯದ ಅರಸ ಫಿಲಿಪ್ ಮೊದಲ ಹೆಂಡತಿ ಇರುವಾಗಲೇ 1540ರಲ್ಲಿ ಮಾಡಿಕೊಂಡ ಎರಡನೇ ಮದುವೆ, ಅದಕ್ಕೆ ಪ್ರಾಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ ಗುಟ್ಟಾಗಿ ಕೊಟ್ಟ ಒಪ್ಪಿಗೆ, ಇವೆರಡನ್ನೂ ಸೇರಿಸಿ. ಸುಮ್ನೆ ‘ಮಾರ್ಮನ್ನರಲ್ಲಿ ಬಹುಪತ್ನಿತ್ವ ಇದೆ’ ಅಂತ ಮಾತ್ರ ಬರೆಯಬೇಡಿ. ಅಮೆರಿಕದಲ್ಲಿ ಹುಟ್ಟಿದ ಈ ಪಂಥದ ಮುಖ್ಯ ಚರ್ಚ್ ಅದನ್ನು ಕೈಬಿಡುವ ಘೋಷಣೆ ಹೊರಡಿಸಿದ್ದು 1890ರಲ್ಲೇ.