ಅವರು ಠಾಣೆಗೆ ಹೋಗಿದ್ದರು

ನಮಸ್ಕಾರ.

ಚೀನೀ ಸಮಾಜದಲ್ಲಿ ಮನೆಯೊಳಗಿನ ಹಿಂಸೆ ಮತ್ತು ಪೊಲೀಸರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಹದವಾಗಿದೆ, ಓದಿಕೊಂಡು ಬರೆದಿದ್ದೀರಿ. ಆದರೆ ಎರಡನೇ ಪ್ಯಾರಾಕ್ಕೇ ಸಿಟ್ಟು ಬಂತು. ಉಳಿದದ್ದನ್ನು ಆ ಸಿಟ್ಟಿನಲ್ಲೇ ಓದಿದ್ದೇನೆ.

“ಅಲ್ಲಿನ ಹೆಂಗಸರು ಪೊಲೀಸರ ಬಳಿ ಹೋಗುವುದಿಲ್ಲ, ಮನೆ ಮಾನ ಬೀದಿಗೆ ಬರಬಾರದೆಂಬ ಸಂಸ್ಕಾರ ಅವರದು” ಎಂದಿದ್ದೀರಿ. ಯಾವ ಹೆಂಗಸರು? ಬೀಜಿಂಗ್‌ನ ಡಾಂಗ್ ಶಾನ್‌ಶಾನ್ ಮತ್ತು ಆಕೆಯ ತವರಿನವರು ಪೊಲೀಸರಿಗೆ 8 ಸಲ ದೂರು ಕೊಟ್ಟಿದ್ದರು. 2009ರಲ್ಲಿ ಆಕೆ ಗಂಡನ ಹೊಡೆತಕ್ಕೆ ಸತ್ತರು. ಹಾಂಗ್‌ಕಾಂಗ್‌ನ ಟಿನ್ ಶುಯಿ ವಾಯ್‌ನಲ್ಲಿ 2004ರ ಏಪ್ರಿಲ್‌ನಲ್ಲಿ ಅವಳಿ ಹೆಣ್ಣುಮಕ್ಕಳೊಂದಿಗೆ ಕೊಲೆಯಾದ ತಾಯಿ ಅದೇ ದಿನ ಠಾಣೆಗೆ ಹೋಗಿ ಬಂದಿದ್ದರು. ಇದನ್ನೆಲ್ಲ ಕೇಳಿದ ಪಕ್ಕದ ಮನೆಯಾಕೆ “ಹೋಗಿ ಏನು ಬಂತು” ಎಂದು ಸುಮ್ಮನಾದರೆ ಅದು ಸಂಸ್ಕಾರವಲ್ಲ, ಲೆಕ್ಕಾಚಾರ. “ಎಂಥ ಪ್ರಾಮಾಣಿಕ ಅಧಿಕಾರಿಗೂ ಮನೆಜಗಳ ತೀರಿಸಲಾಗದು” ಎಂಬ ಅಲ್ಲಿನ ಗಾದೆಯನ್ನು ಹೆಂಗಸರ ಬಾಯಿಗೆ ಹಾಕಿದ್ದೀರಿ. ಕೈತೊಳೆದುಕೊಳ್ಳುವ ಅಧಿಕಾರಿಗಲ್ಲವೇ ಅದು ಹೆಚ್ಚು ಅನುಕೂಲ? (ನಮ್ಮ ‘ಉಂಡು ಮಲಗುವ ತನಕ’ವೂ ಹಾಗೆಯೇ.)

ಇನ್ನು, ಡಾಂಗ್ ಬಗ್ಗೆ ನೀವೇ ಬರೆದ ಸಾಲು: “ಕೌಟುಂಬಿಕ ಕಲಹದಲ್ಲಿ ಸಾವು ಸಂಭವಿಸಿತು.” ನಾನು ಡೆಸ್ಕಿಗೆ ಸೇರಿದ ಹೊಸತರಲ್ಲಿ ಠಾಣೆಗಳಿಂದ ಬರುತ್ತಿದ್ದ ಪ್ರಕಟಣೆಗಳ ತುಂಬ ಇದೇ ವಾಕ್ಯ. ನಮ್ಮ ಹಿರಿಯ ಉಪಸಂಪಾದಕರು ಕೆಂಪು ಪೆನ್ನು ಹಿಡಿದು, “ಕಲಹ ಎದ್ದು ಬಂದು ಹೊಡೀತೇನಯ್ಯಾ?” ಅನ್ನೋರು. ಉತ್ತರ ಸಿಗುವವರೆಗೆ ಠಾಣೆಗೆ ಫೋನ್ ಮಾಡಿಸೋರು. ರಾತ್ರಿ ಊಟ ತಪ್ಪುತ್ತಿತ್ತು, ಬೈದುಕೊಳ್ಳುತ್ತಿದ್ದೆವು. ಡಾಂಗ್ ಪ್ರಕರಣದಲ್ಲಿ ಕೋರ್ಟೂ ಕೊಲೆ ಎನ್ನಲಿಲ್ಲ. ಕುಟುಂಬದವರಿಗೆ ಹಿಂಸೆ ಕೊಟ್ಟ ಅಪರಾಧವೆಂದು ಗಂಡನಿಗೆ ಆರೂವರೆ ವರ್ಷ ಜೈಲು ವಿಧಿಸಿತು. ನಿಮ್ಮ ಸಾಲಿನಲ್ಲಂತೂ ಆ ಗಂಡನೇ ಇಲ್ಲ.

ಮನೆಯೊಳಗಿನ ಹಿಂಸೆ ತಡೆಯಲು ತೈವಾನ್ 1998ರಲ್ಲೇ ಕಾನೂನು ಮಾಡಿತು. ಚೀನಾದಲ್ಲಿ ಅಂಥದ್ದು ಜಾರಿಯಾದದ್ದು 2016ರ ಮಾರ್ಚ್ 1ಕ್ಕೆ. ಎರಡನ್ನೂ ‘ಚೀನೀ ಸಮಾಜ’ ಎಂದು ಒಂದೇ ಉಸಿರಿಗೆ ಮುಗಿಸಿದ್ದೀರಿ. ಹಿಂಸೆ ಸಣ್ಣ ಪ್ರಮಾಣದ್ದೆನಿಸಿದರೆ ಚೀನಾದ ಪೊಲೀಸರು ಬುದ್ಧಿ ಹೇಳಿ ಇಲ್ಲವೇ ಲಿಖಿತ ಎಚ್ಚರಿಕೆ ಕೊಟ್ಟು ಕಳಿಸಬಹುದು. ಸಣ್ಣದೋ ದೊಡ್ಡದೋ ಎಂದು ಅಳೆಯುವವರು ಅದೇ ಠಾಣೆಯವರು. ಜನ ಪೊಲೀಸರನ್ನು ನಂಬುವುದೋ ಬಿಡುವುದೋ ಆ ಮೇಜಿನ ಮುಂದೆ ತೀರ್ಮಾನವಾಗುತ್ತದೆ. ನೀವದಕ್ಕೆ ಕೊಟ್ಟದ್ದು ಅರ್ಧ ಸಾಲು, ಕನ್‌ಫ್ಯೂಶಿಯಸ್‌ಗೆ ಎರಡು ಪುಟ!

ಆ ಎರಡು ಪುಟ ತೆಗೆಯಿರಿ. ಅರ್ಧ ಸಾಲನ್ನು ಬೆಳೆಸಿ, ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ.