ದೇವರ ಮೇಲೆ ಸಿಟ್ಟು ಬಂದರೆ ನಂಬಿಕೆ ಹೋದಂತೆಯೇ?

ಅಪ್ಪ ತೀರಿಕೊಂಡ ಮೇಲೆ ದೇವರ ಮೇಲೆ ಸಿಟ್ಟು ಬಂದಿದೆ, ಇಷ್ಟೆಲ್ಲ ನೋವುಂಡ ಯಹೂದಿಗಳು ಹೇಗೆ ನಂಬಿಕೆ ಉಳಿಸಿಕೊಂಡರು ಅಂತ ಕೇಳಿದ್ದೀರಿ. ಅವರಿಗೂ ಸಿಟ್ಟು ಬರುತ್ತೆ. ಅದನ್ನು ಮುಚ್ಚಿಡುವುದೂ ಇಲ್ಲ. ಅವರ ಧರ್ಮಗ್ರಂಥದ 22ನೇ ಕೀರ್ತನೆ ಶುರುವಾಗುವುದೇ 'ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ' ಅಂತ.

ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಪೋಲೆಂಡಿನ ವಾರ್ಸಾ ಘೆಟ್ಟೋದಲ್ಲಿದ್ದ ರಬ್ಬಿ (ಯಹೂದಿ ಧರ್ಮಗುರು) ಕಲೋನಿಮಸ್ ಶಪಿರಾ ಅವರನ್ನೇ ನೋಡಿ. 1939ರ ಬಾಂಬ್ ದಾಳಿಯಲ್ಲಿ ಒಬ್ಬನೇ ಮಗ, ಸೊಸೆ ಇಬ್ಬರೂ ಹೋದರು. ಆದರೂ 1942ರವರೆಗೆ ಪ್ರವಚನ ನಿಲ್ಲಿಸಲಿಲ್ಲ. ಎಲ್ಲ ಒಳ್ಳೆಯದಕ್ಕೇ ಅಂತ ಸುಮ್ನೆ ಸಮಾಧಾನ ಹೇಳಲಿಲ್ಲ. ದೇವರೂ ಒಳಕೋಣೆಯಲ್ಲಿ ಅಳುತ್ತಿದ್ದಾನೆ, ಅವನ ಜೊತೆ ನಾವೂ ಅಳಬಹುದು ಎಂದರು. ನನಗಂತೂ ಇದಕ್ಕಿಂತ ಪ್ರಾಮಾಣಿಕ ಮಾತು ಸಿಕ್ಕಿಲ್ಲ. ಆ ಪ್ರವಚನಗಳನ್ನು ಬರೆದು, ಮುಂದಿನವರಿಗೆ ಸಿಗಲಿ ಅಂತ ಬಚ್ಚಿಡಿಸಿದರು. 1943ರಲ್ಲಿ ನಾಜಿಗಳು ಅವರನ್ನು ಕೊಂದರು. ಹಾಳೆಗಳು ಮಾತ್ರ ನೆಲದಡಿ ಉಳಿದು, ಯುದ್ಧ ಮುಗಿದ ಮೇಲೆ ಸಿಕ್ಕವು. ಓದುವವರು ಬದುಕಿರುತ್ತಾರೆ ಅಂತ ನಂಬಿದ್ದಕ್ಕೇ ಅಲ್ವಾ ಹಾಗೆ ಮಾಡಿದ್ದು?

ನೆಂಟರ ಉಪದೇಶ ಜಾಸ್ತಿ ಆಯಿತು ಎಂದಿರಿ. ಯಹೂದಿಗಳಲ್ಲಿ ಸಾವಿನ ಮನೆಗೆ ಹೋದವರು, ದುಃಖದಲ್ಲಿರುವವರು ಮಾತಾಡುವ ತನಕ ತಾವಾಗಿ ಬಾಯಿ ತೆರೆಯಬಾರದು ಎಂಬ ಪದ್ಧತಿಯಿದೆ. ನಿಮ್ಮವರಿಗೂ ಇದನ್ನು ಹೇಳಿ. ಅಪ್ಪನ ಬಗ್ಗೆ ಮಾತಾಡಬೇಕು ಅನಿಸಿದಾಗ ನನಗೆ ಬರೆಯಿರಿ, ಓದುತ್ತೇನೆ.